ರಾವಸಾಹೇಬರ ಮೊಣಕಾಲು

ಬೆಕ್ಕಿಗೆ ಮೊಣಕಾಲು ಇರುತ್ತದೆಯೇ, ಇದ್ದರೆ ಅದು ಮುಂದಿನ ಕಾಲಿಗೋ ಹಿಂದಿನ ಕಾಲಿಗೋ ಎಂಬ ಪ್ರಶ್ನೆ ಎಪ್ಪತ್ತೆಂಟನೆಯ ಇಸವಿಯವರೆಗೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಬೆಕ್ಕುಗಳಿದ್ದವು. ಅವು ನೆಲುವಿನ ಮೇಲಿನ ಹಾಲಿಗೆ ಹಾರುತ್ತಿದ್ದವು, ಹೆಂಗಸರು ಶಪಿಸುತ್ತಿದ್ದರು, ಬೆಕ್ಕುಗಳು ಗೋಡೆ ಹಾರಿ ಪಕ್ಕದ ಮನೆಯ ನೆಲುವಿಗೆ ಹೋಗುತ್ತಿದ್ದವು. ಈ ವ್ಯವಸ್ಥೆಯಲ್ಲಿ ಯಾರೂ ಯಾರ ಮೊಣಕಾಲನ್ನೂ ವಿಚಾರಿಸುವ ಪ್ರಸಂಗವಿರಲಿಲ್ಲ. ವಿಚಾರಿಸಿದ ಮೊದಲ ಮಹಾನುಭಾವ ನನ್ನ ಗೋಡೆಯಾಚೆಯ ನೇಕಾರ ಅಮೀನಪ್ಪ. ಆ ವಿಚಾರದಿಂದ ಅವನ ಮಗಳ ಮದುವೆಯೇ ಮುರಿದು ಬೀಳುವ ಹಂತಕ್ಕೆ ಬಂದಿತ್ತು ಎಂದರೆ ಹೊರಗಿನವರು ನಂಬುವುದಿಲ್ಲ. ನಾನು ಶಾಲಾ ಮಾಸ್ತರ, ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

ಅಮೀನಪ್ಪ ಕೆಟ್ಟ ಮನುಷ್ಯನಲ್ಲ. ಅವನ ಮಗ್ಗದಿಂದ ಇಳಿದ ಸೀರೆಯ ಸೆರಗನ್ನು ಬಜಾರದವರು ಬೆಳಕಿಗೆ ಹಿಡಿದು ನೋಡದೆಯೇ ತೆಗೆದುಕೊಳ್ಳುತ್ತಿದ್ದರು. ಆದರೆ ಅವನಿಗೆ ಸಾಹೇಬರೆಂದರೆ ಜೀವ. ಹುನಗುಂದದ ಕೋರ್ಟಿನ ಬಾಗಿಲಲ್ಲಿ ಯಾರೋ ಒಬ್ಬ ಸಾಹೇಬ ಇವನ ನಮಸ್ಕಾರಕ್ಕೆ ತಲೆ ಅಲ್ಲಾಡಿಸಿದರೆ, ಆ ತಲೆ ನಮ್ಮ ಓಣಿಯಲ್ಲಿ ವಾರಗಟ್ಟಲೆ ಅಲ್ಲಾಡುತ್ತಿತ್ತು. "ಸಾಹೇಬ್ರು ನನ್ನ ನೋಡಿ ನಕ್ಕರು" ಎಂದು ಶುರುವಾದದ್ದು, ಶನಿವಾರದ ಹೊತ್ತಿಗೆ "ಸಾಹೇಬ್ರು ಹೆಗಲ ಮ್ಯಾಲ ಕೈ ಹಾಕಿ ಸಮಾಚಾರ ಕೇಳಿದ್ರು" ಎಂದಾಗಿರುತ್ತಿತ್ತು.

ಆ ವರ್ಷ ಅವನ ಮನೆಯಲ್ಲಿ ಎರಡು ಚಿಂತೆಗಳಿದ್ದವು. ಒಂದು, ಮಗಳು ಪದ್ಮವ್ವನ ಮದುವೆ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಶಿವಸಂಗಪ್ಪನ ಮಗನಿಗೆ ಮಾತಾಗಿತ್ತು. ದೀಪಾವಳಿ ಮುಗಿದ ಮೇಲೆ ಸಕ್ಕರೆ ಹಂಚಿ ಗಟ್ಟಿ ಮಾಡಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಹುಡುಗ ಒಳ್ಳೆಯವ, ಮನೆ ಒಳ್ಳೆಯದು. ಪದ್ಮವ್ವ ಅವನನ್ನು ಒಮ್ಮೆಯೇ ನೋಡಿದ್ದಳು. ಅದಾದ ಮೇಲೆ ಮಗ್ಗದಲ್ಲಿ ಕೂತಾಗ ತನ್ನಷ್ಟಕ್ಕೆ ತಾನೇ ಹಾಡಿಕೊಳ್ಳತೊಡಗಿದ್ದಳು. ಎರಡನೆಯ ಚಿಂತೆ ಇಲಿ. ನೂಲಿಗೆ ಹಚ್ಚಿದ ಗಂಜಿಯ ರುಚಿ ಇಲಿಗಳಿಗೆ ಹತ್ತಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸುನೂಲನ್ನೇ ಕಡಿಯುತ್ತಿದ್ದವು. ಅದಕ್ಕೆ ಹೆಂಡತಿ ದುರ್ಗವ್ವ ಹೇಳಿದಳು, "ಒಂದು ಬೆಕ್ಕು ತರ್ರಿ." ಇಷ್ಟೇ. ಇನ್ನೇನನ್ನೂ ಆ ಬಡಪಾಯಿ ಕೇಳಿರಲಿಲ್ಲ.

ಬೇರೆಯವರಾಗಿದ್ದರೆ ಪಕ್ಕದ ಓಣಿಯಿಂದ ಒಂದು ಮರಿ ಹಿಡಿದು ತರುತ್ತಿದ್ದರು. ಅಮೀನಪ್ಪ ಒಂದು ಸೀರೆ ಕೊಡಲು ಹುನಗುಂದದ ಶಿರಸ್ತೇದಾರ ಅಂದಾನಪ್ಪನವರ ಮನೆಗೆ ಹೋಗಿದ್ದ. ಸಾಹೇಬರಿಗೆ ವಿಜಾಪುರಕ್ಕೆ ವರ್ಗವಾಗಿತ್ತು. ಸಾಮಾನು ಗಾಡಿಗೆ ಏರುತ್ತಿದ್ದವು. ಒಂದು ಬೂದು ಬಣ್ಣದ ಗಂಡು ಬೆಕ್ಕು ಮಾತ್ರ ಎಲ್ಲಿಗೂ ಏರದೆ ಕಟ್ಟೆಯ ಮೇಲೆ ಕೂತಿತ್ತು. ಹೊಸ ಊರಿಗೆ ಅದನ್ನು ಒಯ್ಯುವುದಾಗುವುದಿಲ್ಲ ಎಂದು ಸಾಹೇಬರ ಹೆಂಡತಿ ಇಂದ್ರಾಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಮೀನಪ್ಪ ಒಂದೇ ಹೆಜ್ಜೆಗೆ ಮುಂದೆ ಬಂದು, "ಬಾಯಾರ, ನನಗ ಕೊಡ್ರಿ. ಹೊಟ್ಟ್ಯಾಗಿನ ಮಗನಂಗ ನೋಡ್ಕೊತೇನಿ" ಎಂದುಬಿಟ್ಟ.

ಸಾಹೇಬರು ಓದಿಕೊಂಡವರು. ಹೊರಡುವ ಗಡಿಬಿಡಿಯಲ್ಲೂ ನಿಂತು ಬುದ್ಧಿ ಹೇಳಿದರು. "ನೋಡಪಾ ಅಮೀನಪ್ಪ, ಇದು ಮರಿ ಅಲ್ಲ, ವಯಸ್ಸಾದ ಬೆಕ್ಕು. ನಮ್ಮಂಗ ಇವಕ್ಕೂ ಮುಂದ ಕೀಲು ಹಿಡೀತಾವ. ಹಿಡೀದಂಗ ಮದಲ ಜ್ವಾಕಿ ಮಾಡಬೇಕು. ಮೈ ಬರಾಕ ಬಿಡಬ್ಯಾಡ. ಭಾಳ ಎತ್ತರದಿಂದ ಜಿಗ್ಯಾಕ ಬಿಡಬ್ಯಾಡ. ಥಂಡಿ ನೆಲದ ಮ್ಯಾಲ ಮಲಗಸಬ್ಯಾಡ. ದಿನಾ ಒಂದೀಟು ಆಡಸು. ಇಷ್ಟು ಮಾಡಿದ್ರ ಸಾಕು."

ಹುನಗುಂದದ ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ ಇದರಲ್ಲಿ ಅರ್ಧ ಹಾರಿಹೋಗಿತ್ತು. ಉಳಿದದ್ದು ಎರಡು ಮಾತು: ಜಿಗಿಯಬಾರದು, ಥಂಡಿ ಹತ್ತಬಾರದು. ಮೈ ಬರಬಾರದೆಂಬ ಮಾತಂತೂ ಅವನ ಕಿವಿಯ ಹೊರಗೇ ನಿಂತಿತ್ತು. ಸಾಹೇಬರ ಮನೆಯವರು ಮೈ ಇಳಿಸುವುದೆಂದರೇನು, ಅದು ಮರ್ಯಾದೆಯೇ?

ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯ ಕಡೆ ನೋಡಿ, "ಏನೈತಿ ಅದರಾಗ?" ಎಂದ.

"ಶಿರಸ್ತೇದಾರ ಸಾಹೇಬ್ರ ಮನಿಯವರು," ಎಂದ ಅಮೀನಪ್ಪ.

ಬುಟ್ಟಿ "ಮಿಯಾಂವ್" ಎಂದಿತು. ಕಂಡಕ್ಟರ್ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿ, "ಹಂಗಾದ್ರ ಕಿಡಕಿ ಕಡೆ ಕುಂದ್ರಸ್ರಿ, ಗಾಳಿ ಬರ್ಲಿ" ಎಂದು ಮುಂದೆ ಹೋದ.

ಓಣಿಗೆ ಬಂದ ಬೆಕ್ಕಿಗೆ ರಾವಸಾಹೇಬ ಎಂದು ಹೆಸರಾಯಿತು. ಅಮೀನಪ್ಪ ಅದನ್ನು ಏಕವಚನದಲ್ಲಿ ಕರೆದದ್ದನ್ನು ನಾನಂತೂ ಕೇಳಿಲ್ಲ. "ರಾವಸಾಹೇಬ್ರು ಊಟ ಮಾಡ್ಯಾರೇನು? ರಾವಸಾಹೇಬ್ರು ಎದ್ದಾರೇನು?" ಎಂದು ಮನೆಯೊಳಗೆ ಹೋಗುವ ಮೊದಲೇ ಕೇಳುತ್ತಿದ್ದ. ದುರ್ಗವ್ವ, "ಬೆಕ್ಕ್ರೀ ಅದು!" ಎಂದು ಹಣೆ ಬಡಿದುಕೊಂಡಳು. ಏನೂ ಉಪಯೋಗವಾಗಲಿಲ್ಲ. ಕಾಲಾನಂತರ ಓಣಿಯೆಲ್ಲ ಬಹುವಚನಕ್ಕೆ ಬಂತು. ಈ ಕಥೆಯಲ್ಲಿ ನಾನೂ ಅದನ್ನೇ ಪಾಲಿಸುವೆ.

ರಾವಸಾಹೇಬರು ಬಂದ ಮರುದಿನವೇ ಅಟ್ಟದ ಮೇಲೆ ಒಂದು ಇಲಿಯನ್ನು ಕಂಡು ಬೆನ್ನು ಬಿಲ್ಲು ಮಾಡಿದರು. ಅಮೀನಪ್ಪ ಕೈಯಲ್ಲಿದ್ದ ಲಾಳಿ ಬಿಟ್ಟು ಓಡಿಬಂದು, "ಜಿಗಿಬ್ಯಾಡ್ರಿ!" ಎಂದು ಕೂಗಿ ಅವರನ್ನು ಎತ್ತಿಕೊಂಡ. ಇಲಿಯನ್ನು ತಾನೇ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಹೋದ. ರಾವಸಾಹೇಬರು ಮಡಿಚಿಟ್ಟ ಕೌದಿಯ ಮೇಲೆ ಕೂತು ಇದನ್ನೆಲ್ಲ ನೋಡಿದರು. ನಮ್ಮ ಓಣಿಯಲ್ಲಿ ಬೆಕ್ಕಿಗೋಸ್ಕರ ಮನುಷ್ಯ ಇಲಿ ಹಿಡಿದದ್ದು ಅದೇ ಮೊದಲು.

ಇನ್ನು ಊಟ. "ಗಾಡಿ ಗಾಲಿಗೆ ಎಣ್ಣಿ ಹಾಕತೀವಿಲ್ಲೋ? ಕೀಲಿಗೂ ಜಿಡ್ಡು ಬೇಕ ಬೇಕು" ಎಂದು ಅಮೀನಪ್ಪನೇ ಒಂದು ಶಾಸ್ತ್ರ ಹುಟ್ಟಿಸಿಕೊಂಡ. ಹಾಲು, ಕೆನೆ, ತುಪ್ಪದನ್ನ. ರಾವಸಾಹೇಬರು ತಿಂಗಳೊಳಗೆ ಅಗಲಕ್ಕೆ ಬೆಳೆದರು. ಒಮ್ಮೆ ಬಾಗಿಲ ಹೊಸ್ತಿಲು ದಾಟುವಾಗ ಹಿಂಗಾಲನ್ನು ಎತ್ತಿ ಒಮ್ಮೆ ಝಾಡಿಸಿದರು. ಕಾಲಿಗೆ ನೀರು ಹತ್ತಿದ್ದಿರಬೇಕು. ಅಮೀನಪ್ಪನಿಗೆ ಮಾತ್ರ ಎದೆ ಧಸಕ್ಕೆಂದಿತು.

ಅದೇ ದಿನ ದನದ ದವಾಖಾನೆಗೆ ಹೊತ್ತುಕೊಂಡು ಹೋದ. ಅಲ್ಲಿ ಎತ್ತು, ಎಮ್ಮೆ, ಆಡು ಹಿಡಿದುಕೊಂಡು ರೈತರು ನಿಂತಿದ್ದರು. ಅವರ ನಡುವೆ ಇವನು ಬೆಕ್ಕನ್ನು ಕೌದಿಯಲ್ಲಿ ಸುತ್ತಿ, ಎದೆಗವಚಿಕೊಂಡು ನಿಂತ.

"ಏನಣ್ಣಾ," ಎಂದ ಒಬ್ಬ ರೈತ ಎತ್ತಿನ ಮೂಗುದಾಣ ಹಿಡಿದುಕೊಂಡೇ, "ಮುಂಗಾರಿಗೆ ಹೂಡಾಕ ಒಯ್ಯಾಂವೇನು ಇದನ್ನ?"

"ಒಂಟೆತ್ತಾತಲ್ಲೋ," ಎಂದ ಇನ್ನೊಬ್ಬ. "ಜೋಡಿ ಎಲ್ಲೈತಿ?"

ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಮ್ಮೆಗಳೂ ತಿರುಗಿ ನೋಡಿದವು. ಡಾಕ್ಟರು ಪಾಪ, ನಗದೆಯೇ ಕಾಲು ಮುಟ್ಟಿ ನೋಡಿ, "ಕಾಲಿಗೇನೂ ಆಗಿಲ್ಲ. ಹೊಟ್ಟಿ ಇಳಸು, ಓಡ್ಯಾಡಾಕ ಬಿಡು" ಎಂದರು. ನಗೆಯ ಗದ್ದಲದಲ್ಲಿ ಅಮೀನಪ್ಪನ ತಲೆಗೆ ಅದು ಹತ್ತಲೇ ಇಲ್ಲ. ಮನೆಗೆ ಬಂದವನೇ ಹೆಂಡತಿ, ಮಗಳಿಗೆ ಆಣೆ ಹಾಕಿದ: ರಾವಸಾಹೇಬರ ಕಾಲಿನ ಸುದ್ದಿ ಈ ಹೊಸ್ತಿಲು ದಾಟಬಾರದು. ಮಂದಿ ನಕ್ಕರೆ ನಗುವುದು ತನ್ನನ್ನಲ್ಲ, ಶಿರಸ್ತೇದಾರ ಸಾಹೇಬರನ್ನು. ದುರ್ಗವ್ವ, "ನಾ ಯಾರ ಮುಂದ ಹೇಳ್ಲಿ, ನನಗ ನಾಚಿಕಿ ಆಗತೈತಿ" ಎಂದಳು.

ಇಲ್ಲಿಂದ ಅನರ್ಥ ಶುರು.

ಬಜಾರದಲ್ಲಿ ಇಮಾಮಸಾಬರ ಅಂಗಡಿಯಿತ್ತು. ಎಳ್ಳೆಣ್ಣೆಯಲ್ಲಿ ಬೇರು ಕುದಿಸಿ ಮಾಡಿದ ಅವರ ನೋವಿನೆಣ್ಣೆಗೆ ಸುತ್ತಲ ಊರುಗಳಲ್ಲಿ ಹೆಸರು. ಅಮೀನಪ್ಪ ಹೋಗಿ, ಆಚೀಚೆ ನೋಡಿ, ದನಿ ಇಳಿಸಿ ಮೊಣಕಾಲಿನ ಎಣ್ಣೆ ಕೇಳಿದ.

"ಯಾರಿಗ್ರಿ?" ಎಂದರು ಇಮಾಮಸಾಬ.

"ಮನ್ಯಾಗ್ರಿ."

"ಮನ್ಯಾಗ ಯಾರಿಗೆ? ನಿಮ್ಮ ಮನಿಯವರಿಗೇನು?"

"ಅಲ್ರಿ."

"ನಿಮಗೇನು?"

"ನನಗ್ಯಾಕ ಬರತೈತಿ? ಮನ್ಯಾಗ ಒಬ್ರಿಗೆ."

"ಹೋಗ್ಲಿ ಬಿಡ್ರಿ. ನೋವು ಎಷ್ಟು ದಿನದ್ದು?"

"ನೋವು ಇನ್ನಾ ಬಂದಿಲ್ರಿ. ಮುಂದ ಬರಬಾರದು ಅಂತ."

ಇಮಾಮಸಾಬರು ಬಾಟಲಿಯ ಬಿರಡೆ ಹಾಕುವುದನ್ನು ನಿಲ್ಲಿಸಿ ಅಮೀನಪ್ಪನ ಮುಖವನ್ನೇ ನೋಡಿದರು. ಅವರ ಅಂಗಡಿಗೆ ಜನ ಬರುತ್ತಿದ್ದದ್ದು ನೋವು ಹತ್ತಿ, ನಾಟಿ ಔಷಧಿ ಮುಗಿದು, ದೇವರಿಗೆ ಹರಕೆ ಹೊತ್ತು, ಎಲ್ಲ ಆದಮೇಲೆ. ನೋವು ಬರುವ ಮೊದಲೇ ಬಂದ ಗಿರಾಕಿಯನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಭಾಳ ಶ್ಯಾಣ್ಯಾ ಮನುಷ್ಯಾ ಅದೀರಿ" ಎಂದು ಮನಸಾರೆ ಹೊಗಳಿ ಕಳಿಸಿದರು.

ಎಣ್ಣೆಯಾದ ಮೇಲೆ ಮೆಟ್ಟಿಲು. ಅಟ್ಟದಿಂದ ರಾವಸಾಹೇಬರು ಜಿಗಿಯದೆ ಇಳಿಯಬೇಕು. ಅದಕ್ಕೆ ಬಡಿಗ ಅಮಾತೆಪ್ಪನನ್ನು ಕರೆದು ಕಟ್ಟಿಗೆಯ ಸಣ್ಣ ಏಣಿ ಮಾಡಲು ಹೇಳಿದ. ಮೆಟ್ಟಿಲಿನಿಂದ ಮೆಟ್ಟಿಲಿಗೆ ನಾಲ್ಕೇ ಬೆರಳು ಎತ್ತರ, ಮೇಲೆ ಬಟ್ಟೆ ಹೊದೆಸಬೇಕು, ಕಾಲು ಜಾರಬಾರದು.

"ಇಷ್ಟ ಸಣ್ಣ ಮೆಟ್ಟಲ ಯಾರು ಹತ್ತತಾರಪಾ?" ಎಂದ ಅಮಾತೆಪ್ಪ.

"ಮನ್ಯಾಗ ಒಬ್ರಿಗೆ ಕಾಲು ಎತ್ತಿ ಇಡಾಕ ಮುಂದ ತ್ರಾಸ ಆದೀತು ಅಂತ."

ಅಮಾತೆಪ್ಪ ಮೊಳೆ ಹೊಡೆಯುತ್ತ ಯೋಚಿಸಿದ. ಅವನ ಕಸುಬಿನಲ್ಲಿ ಯೋಚನೆಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಅಮೀನಪ್ಪ ಗಟ್ಟಿಯಿದ್ದಾನೆ. ದುರ್ಗವ್ವ ದಿನವೂ ಮಗ್ಗದಲ್ಲಿ ಕೂಡುತ್ತಾಳೆ. ಮನೆಯಲ್ಲಿ ಉಳಿದ ಒಬ್ಬಳು ಯಾರು? ಅವಳ ಮದುವೆ ಹತ್ತಿರ ಬಂದಿದೆ, ಹೆಸರು ಬಾಯಿಬಿಟ್ಟು ಹೇಳುತ್ತಿಲ್ಲ. ಏಣಿ ಮುಗಿಯುವ ಹೊತ್ತಿಗೆ ಯೋಚನೆಯೂ ಮುಗಿದಿತ್ತು. ಅವನು ಅದನ್ನು ತನ್ನ ಹೆಂಡತಿಗೆ ಮಾತ್ರ ಹೇಳಿದ. ಅವಳು ನಲ್ಲಿಯ ಹತ್ತಿರ ನಿಂತವರಿಗೆ ಮಾತ್ರ ಹೇಳಿದಳು.

ಬೇರೆ ಊರಾಗಿದ್ದರೆ ಇದು ನಾಲ್ಕು ದಿನದ ಗಾಳಿಮಾತು. ನೇಕಾರರ ಓಣಿಯಲ್ಲಿ ಹಾಗಲ್ಲ. ನಮ್ಮ ಕಡೆಯದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅಂಚಿನ ಮೇಲೆ ಕೂತು, ಕಾಲು ಒಳಗಿಳಿಸಿ, ಬೆಳಗಿನಿಂದ ಸಂಜೆಯವರೆಗೆ ಹಲಗೆ ತುಳಿಯಬೇಕು. ಬೇರೆಯವರು ಹೆಣ್ಣು ನೋಡಲು ಹೋದರೆ ಮುಖ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನೇಕಾರರ ಮನೆಯ ಹಿರಿಯರು ಹುಡುಗಿ ಕೂತದ್ದು ಎದ್ದದ್ದು ನೋಡುತ್ತಾರೆ. ಮೊಣಕಾಲು ಹೋದರೆ ಅರ್ಧ ಮಗ್ಗ ಹೋದಂತೆ.

ಹೀಗಾಗಿ ಪದ್ಮವ್ವ ಕೊಡ ಹೊತ್ತು ಹೊರಗೆ ಬಂದರೆ ಓಣಿಯ ಕಣ್ಣೆಲ್ಲ ಅವಳ ಕಾಲಿಗೆ. ಆ ಹುಡುಗಿಗೆ ಇದರ ತಲೆಬುಡ ತಿಳಿಯದು. ದುರ್ದೈವಕ್ಕೆ ಅದೇ ವಾರ ಅವಳ ಚಪ್ಪಲಿಯ ಉಂಗುಟ ಕಿತ್ತು, ಕಾಲೆಳೆದುಕೊಂಡು ಮನೆಗೆ ಬಂದಳು. ಅಷ್ಟು ಸಾಕಾಯಿತು. ಹೆಂಗಸರು "ಅಯ್ಯ ಶಿವನ" ಎಂದು ಗಲ್ಲಕ್ಕೆ ಕೈ ಹಚ್ಚಿಕೊಂಡರು. ನನಗೂ ಗೋಡೆಯಾಚೆಯಿಂದ ಸಂಜೆಯ ಹೊತ್ತು ಅಮೀನಪ್ಪನ ದನಿ ಕೇಳಿಸುತ್ತಿತ್ತು: "ನೋವು ಐತೇನ್ರಿ? ಈ ಕಾಲು ಚಾಚ್ರಿ. ಈಗ ಆ ಕಾಲು." ಊರಿಂದ ಯಾರೋ ಹಿರಿಯರು ಬಂದು ಇಳಿದುಕೊಂಡಿರಬೇಕು, ಪಾಪ, ಎಷ್ಟು ಸೇವೆ ಮಾಡುತ್ತಾನೆ ಎಂದುಕೊಂಡು ನಾನು ಶಾಲೆಯ ಪೇಪರು ತಿದ್ದುತ್ತಿದ್ದೆ.

ಗುಳೇದಗುಡ್ಡದ ಸಂತೆಗೆ ಎಣ್ಣೆ ಮಾರಲು ಹೋದ ಇಮಾಮಸಾಬರು ಚಹಾದಂಗಡಿಯಲ್ಲಿ ಶಿವಸಂಗಪ್ಪನನ್ನು ಕಂಡರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು ಆಡಬೇಕೆಂದುಕೊಂಡು ಬಾಯಿ ತೆರೆದರು. "ಶಿವಸಂಗಪ್ಪನವರ, ನಿಮ್ಮ ಬೀಗರು ಭಾಳ ದೂರದ ವಿಚಾರದವರು ನೋಡ್ರಿ. ಮನ್ಯಾಗ ಯಾರಿಗೋ ಮೊಣಕಾಲು ನೋವು ಬರೂಕ್ಕಿಂತ ಮದಲ ಎಣ್ಣಿ ಒಯ್ದಾರ! ಯಾರಿಗೆ ಅಂತ ಹೇಳಲಿಲ್ಲ, ಅದು ಅವರ ದೊಡ್ಡ ಗುಣ."

ಶಿವಸಂಗಪ್ಪನ ಚಹಾ ಬಸಿಯಲ್ಲೇ ತಣ್ಣಗಾಯಿತು.

ಶಿವಸಂಗಪ್ಪ ಮೆತ್ತನೆಯ ಮನುಷ್ಯ. ಅವನ ಅಕ್ಕ ಲಕ್ಕವ್ವ ಹಾಗಲ್ಲ. ಗಂಡ ತೀರಿದ ಮೇಲೆ ತವರಿಗೆ ಬಂದು, ತಮ್ಮನ ಸಂಸಾರವನ್ನೂ ಮಗ್ಗಗಳನ್ನೂ ಒಂದೇ ಕೈಯಲ್ಲಿ ನಡೆಸಿದವಳು. ಆ ಮನೆಯಲ್ಲಿ ಸೊಸೆಯನ್ನು ಒಪ್ಪುವುದೂ ಬಿಡುವುದೂ ಅವಳ ಮಾತು. ದೀಪಾವಳಿಗೆ ಇನ್ನೂ ವಾರವಿರುವಾಗ, ಯಾವ ಸುದ್ದಿಯೂ ಕೊಡದೆ, ಬೆಳಗಿನ ಬಸ್ಸಿಗೆ ಅಕ್ಕ ತಮ್ಮ ಇಬ್ಬರೂ ನಮ್ಮ ಓಣಿಯಲ್ಲಿ ಬಂದಿಳಿದರು. ಬೀಗರು ಬಂದಾಗ ಓಣಿಯ ಹಿರಿಯರು ಹೋಗಿ ಕೂಡುವುದು ಪದ್ಧತಿ. ಅಂದು ಯಾರನ್ನೂ ಕರೆಯಬೇಕಾಗಲಿಲ್ಲ. ನಲ್ಲಿಯ ಹೆಂಗಸರು ಕೊಡ ಸಮೇತ ಬಂದು ಬಾಗಿಲಲ್ಲಿ ನಿಂತರು, ಬಡಿಗ ಅಮಾತೆಪ್ಪ ಉಳಿ ಕೈಯಲ್ಲಿ ಹಿಡಿದುಕೊಂಡೇ ಬಂದ. ನಾನು ಜಮಖಾನೆಯ ತುದಿಯಲ್ಲಿ ಕೂತೆ.

ಕೊಟ್ಟ ನೀರನ್ನು ಲಕ್ಕವ್ವ ಕುಡಿದಳು. ಚಹಾ ಬೇಡವೆಂದಳು. ಚಹಾ ಬೇಡವೆಂದ ಕೂಡಲೇ ಕೂತವರಿಗೆಲ್ಲ ವಿಷಯ ಗಂಭೀರವಾಗಿದೆ ಎಂದು ಗೊತ್ತಾಯಿತು.

"ಪದ್ಮವ್ವಾ, ಹಿತ್ತಲಿನಿಂದ ಒಂದು ಕೊಡ ನೀರು ತಾರವ್ವಾ."

ಪದ್ಮವ್ವ ತಂದಳು.

"ಕೆಳಗ ಇಡು. ಮತ್ತ ಎತ್ತು. ಮತ್ತ ಇಡು."

ಪದ್ಮವ್ವ ಇಟ್ಟಳು, ಎತ್ತಿದಳು, ಇಟ್ಟಳು.

"ಮಗ್ಗಕ್ಕ ಇಳದು ಒಂದೀಟು ನೇದು ತೋರಸು."

ಪದ್ಮವ್ವ ಕುಣಿಗೆ ಇಳಿದು ನೇಯ್ದಳು. ಹಲಗೆಯ ಸದ್ದು ಟಕಟಕ ಎಂದು ಒಂದೇ ಸಮ ಬಂತು, ಓಣಿಯವರಿಗೆ ಕೇಳಿ ಗೊತ್ತಿದ್ದ ಗಟ್ಟಿ ಕಾಲಿನ ಸದ್ದು.

"ಏಳು. ಗ್ವಾಡಿ ಹಿಡೀಬ್ಯಾಡ."

ಪದ್ಮವ್ವ ಗೋಡೆ ಹಿಡಿಯದೆ ಎದ್ದು ಬಂದು ನಡುವಿಗೆ ಕೈ ಇಟ್ಟು ನಿಂತಳು. ಮುಖ ಕೆಂಪಗಾಗಿತ್ತು. "ಇನ್ನ ಕುಂಟಾಟ ಆಡಿ ತೋರಸ್ಲೇನ್ರಿ ಅತ್ತಿ?" ಎಂದಳು.

ದುರ್ಗವ್ವ ಕೂತಲ್ಲಿಂದಲೇ, "ಏ ಪದ್ಮೀ!" ಎಂದು ಗದರಿದಳು. ಲಕ್ಕವ್ವನ ತುಟಿಯ ತುದಿ ಸ್ವಲ್ಪ ಮೇಲೆದ್ದಂತಾಯಿತು, ಆದರೆ ಮಾತು ಸಡಿಲಾಗಲಿಲ್ಲ.

"ಇವತ್ತ ಗಟ್ಟಿ ಅದಾಳವಾ, ನಾ ಇಲ್ಲ ಅನ್ನಂಗಿಲ್ಲ. ಎಣ್ಣಿ ತಿಕ್ಕಿ ತಿಕ್ಕಿ ಗಟ್ಟಿ ಇಟ್ಟಿದ್ರ ನಮಗೇನು ತಿಳೀತೈತಿ? ಅಮೀನಪ್ಪಣ್ಣಾ, ಖರೆ ಹೇಳು. ಇಮಾಮಸಾಬರ ಕಡೆಯಿಂದ ಎಣ್ಣಿ ಒಯ್ದದ್ದು ಯಾರಿಗೆ? ಅಲ್ಲಿ ಅಟ್ಟಕ್ಕ ಹಚ್ಚೀಯಲ್ಲ, ಆ ಕೂಸಿನಂಥಾ ಏಣಿ ಯಾರಿಗೆ? ಈ ಮೂಲ್ಯಾಗ ಕೌದಿ ಮ್ಯಾಲ ಕೌದಿ ಹಾಸೀಯಲ್ಲ, ಯಾರ ಮಲಗತಾರ ಇದರ ಮ್ಯಾಲ? ಮನ್ಯಾಗ ಯಾರಿಗೆ ಕಾಲಿಲ್ಲ? ನಮ್ಮ ಹುಡುಗನ ಬಾಳೇವು ಅದು. ಮುಚ್ಚಿಟ್ಟು ಕೊಡಬ್ಯಾಡ."

 ಅಮೀನಪ್ಪ ಬಾಗಿಲಲ್ಲಿ ನಿಂತವರನ್ನು ನೋಡಿದ. ಎಲ್ಲರ ಮುಂದೆಯೂ ಸಾಹೇಬರ ಬೆಕ್ಕಿನ ಪ್ರತಾಪ ಕೊಚ್ಚಿದ್ದವ. ದನದ ದವಾಖಾನೆಯ ನಗೆ ಅವನ ಕಿವಿಯಲ್ಲಿ ಇನ್ನೂ ಇತ್ತು. ಮಗಳ ಕಡೆ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿ ನಿಂತಿತ್ತು, ಆದರೂ ಅಪ್ಪ ಹಾಕಿದ ಆಣೆಗೆ ಬಾಯಿ ಬಿಗಿಹಿಡಿದಿದ್ದಳು. ಅದನ್ನು ಕಂಡು ಅವನಿಗೆ ಸಾಹೇಬರೂ ಮರೆತುಹೋದರು, ನಗೆಯೂ ಮರೆತುಹೋಯಿತು.

"ಬೆಕ್ಕಿಗ್ರಿ," ಎಂದ.

"ಏನಂದಿ?"

"ಬೆಕ್ಕಿನ ಮೊಣಕಾಲಿಗ್ರಿ ಅಕ್ಕಾರ. ಎಣ್ಣಿನೂ ಬೆಕ್ಕಿಗೆ, ಏಣಿನೂ ಬೆಕ್ಕಿಗೆ, ಕೌದಿನೂ ಬೆಕ್ಕಿಗೆ. ಮುಂದ ಕೀಲು ಹಿಡೀಬಾರದು ಅಂತ."

 ಲಕ್ಕವ್ವ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಅಣ್ಣಾ, ಹೆಣ್ಣಿನ ಕಾಲು ಸರಿಯಿಲ್ಲ ಅಂದಿದ್ರ ನಾ ಸಿಟ್ಟಾಗ್ತಿದ್ದಿಲ್ಲ. ಯಾರ ಮನ್ಯಾಗ ಏನಿರೂದಿಲ್ಲ. ಆದ್ರ ನಮ್ಮನ್ನ ಹುಚ್ಚರನ್ನ ಮಾಡಾಕ ಹೊಂಟೀಯಲ್ಲ, ಇದು ಮಾತ್ರ ಸೇರಲಿಲ್ಲ ನೋಡು. ಏಳೋ ಶಿವಸಂಗ್ಯಾ."

ಶಿವಸಂಗಪ್ಪ ಪಟಕಾ ಕೈಗೆ ತೆಗೆದುಕೊಂಡ. ಪದ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೋಡಿ, ಎಂಥ ಗ್ರಹಚಾರ: ತಿಂಗಳುಗಟ್ಟಲೆ ಅರೆಬರೆ ಮಾತಾಡಿದ್ದನ್ನೆಲ್ಲ ಊರು ನಂಬಿತು, ಮೊದಲ ಸಲ ಪೂರ್ತಿ ಸತ್ಯ ಹೇಳಿದರೆ ಯಾರೂ ನಂಬಲೊಲ್ಲರು.

ಅಮೀನಪ್ಪ ದಡಬಡ ಎದ್ದು, ಗೂಡಿನಲ್ಲಿದ್ದ ಬಾಟಲಿ ತೆಗೆದು, ಬಿರಡೆ ಕಿತ್ತು, ಅಟ್ಟದ ಕಡೆ ಮುಖ ಮಾಡಿ ಕೂಗಿದ: "ರಾವಸಾಹೇಬ್ರ! ದಯಮಾಡಿ ಕೆಳಗ ಬರ್ರಿ! ಬಂದು ಹೋಗ್ರೀ!"

ಮೇಲೆ ಯಾರೋ ಅಧಿಕಾರಿ ಇಳಿದುಕೊಂಡಿದ್ದಾರೆ ಎಂದು ಶಿವಸಂಗಪ್ಪ ಗಾಬರಿಯಾಗಿ ಪಟಕಾ ತಲೆಗಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಕೈ ಮುಗಿದು ನಿಂತ.

ಅಟ್ಟದಲ್ಲಿ ಸ್ವಲ್ಪ ಸಪ್ಪಳವಾಯಿತು. ಎಣ್ಣೆಯ ವಾಸನೆ ಮೇಲೆ ತಲುಪಿರಬೇಕು. ರಾವಸಾಹೇಬರು ಏಣಿಯ ತುದಿಯಲ್ಲಿ ಕಾಣಿಸಿಕೊಂಡರು. ನೆರೆದ ಸಭೆಯನ್ನು ಒಮ್ಮೆ ಅವಲೋಕಿಸಿದರು. ಬಟ್ಟೆ ಹೊದೆಸಿದ ಮೆಟ್ಟಿಲುಗಳ ಮೇಲೆ ಒಂದೊಂದೇ ಕಾಲಿಡುತ್ತ, ಹೊಟ್ಟೆಯನ್ನು ಆಚೀಚೆ ತೂಗುತ್ತ, ಅವಸರವೇ ಇಲ್ಲದೆ ಇಳಿದರು. ಜನರ ನಡುವೆ ದಾರಿ ಮಾಡಿಕೊಂಡು ಅಮೀನಪ್ಪನ ಮುಂದೆ ಬಂದು, ಬೆನ್ನ ಮೇಲೆ ಒರಗಿ, ಬಲಗಡೆಯ ಹಿಂಗಾಲನ್ನು ಅವನ ಕೈಗೆ ಚಾಚಿ ಕಣ್ಣು ಮುಚ್ಚಿದರು.

ಶಿವಸಂಗಪ್ಪ ಮುಗಿದ ಕೈಯನ್ನು ಇಳಿಸುವುದನ್ನೇ ಮರೆತ. ಅಮಾತೆಪ್ಪ, "ಲೇ ಇವನಾಪ್ನ, ನಾ ಇಷ್ಟು ನೀಟಾಗಿ ಏಣಿ ಮಾಡಿದ್ದು ಬೆಕ್ಕಿಗೇನಲೇ!" ಎಂದು ಚೀರಿದ. ಮುಂದೆ ಬಾಗಿಲಲ್ಲಿ ಎದ್ದ ನಗೆಗೆ ಒಬ್ಬಾಕೆಯ ಸೊಂಟದ ಕೊಡ ಜಾರಿ ಬಿತ್ತು. ನಾನು ಮಾಸ್ತರನೆಂಬ ಗಾಂಭೀರ್ಯ ಉಳಿಸಿಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ. ಗೋಡೆಯಾಚೆ ಸೇವೆ ಪಡೆಯುತ್ತಿ‌ದ್ದ ಹಿರಿಯರು ಯಾರೆಂದು ನನಗೂ ಆಗಲೇ ತಿಳಿದದ್ದು. ಪದ್ಮವ್ವ ಅಳುತ್ತಲೇ ನಗತೊಡಗಿದಳು.

"ಖರೆನ ಬೆಕ್ಕಿಗೇ," ಎಂದಳು ಲಕ್ಕವ್ವ. ಬೆಕ್ಕಿನ ಹತ್ತಿರ ಹೋಗಿ, ಬಗ್ಗಿ, ಆ ಕಾಲನ್ನು ಮುಟ್ಟಿ ನೋಡಿದಳು. ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. "ಮೊಣಕಾಲಿನ ಚಿಂತಿ ಹೋತು. ಈಗ ಈ ಮನಿತನದ ತಲಿದು ವಿಚಾರ ಮಾಡಬೇಕು." ಮತ್ತೆ ನಗೆ. "ದುರ್ಗವ್ವಾ, ಏಳವಾ, ಇನ್ನ ಚಹಾ ಮಾಡು."

ದುರ್ಗವ್ವ ಏಳಲು ಹೋದಳು. ಒಂದು ಕೈ ನೆಲಕ್ಕೂರಿದಳು, ಇನ್ನೊಂದು ಕೈಯಿಂದ ಗೋಡೆ ಹಿಡಿದಳು. ಅರ್ಧ ಎದ್ದು, "ಅಯ್ಯವ್ವಾ" ಎಂದು ಮತ್ತೆ ಕೂತಳು. ಎರಡನೆಯ ಸಲ ತುಟಿ ಕಚ್ಚಿಕೊಂಡು ಎದ್ದು ನಿಂತಳು. ಬೆಳಗಿನಿಂದ ಅವಳು ಕೂತಲ್ಲಿಂದ ಯಾಕೆ ಕದಲಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ನಗೆ ನಿಂತಿತು. ಮುಗಿದುಹೋಯಿತೆಂದುಕೊಂಡ ಮಾತು ಮತ್ತೆ ನಡುಮನೆಗೆ ಬಂದು ಕೂತಿತು. ಹಾಗಾದರೆ ಈ ಮನೆಯಲ್ಲಿ ಮೊಣಕಾಲಿನ ನೋವು ಉಂಟು. ತಾಯಿಗೆ ಉಂಟು. ಅಮೀನಪ್ಪ ಬೆಕ್ಕಿನ ಕಾಲು ಹಿಡಿದುಕೊಂಡೇ ಹೆಂಡತಿಯನ್ನು ನೋಡುತ್ತ ಕೂತಿದ್ದ.

"ಎಷ್ಟು ವರ್ಷದಿಂದವಾ?" ಎಂದಳು ಲಕ್ಕವ್ವ.

"ಪದ್ಮಿ ಸಾಲಿಗೆ ಹೋಗೂ ಹೊತ್ತಿನಿಂದ್ರಿ ಅಕ್ಕಾರ."

"ಇವಗ ಹೇಳಿಲ್ಲೇನು?"

ದುರ್ಗವ್ವ ಸೆರಗು ಸರಿಪಡಿಸಿಕೊಂಡಳು. "ಹೇಳಿನ್ರಿ. ಕುಣ್ಯಾಗ ಕುಂತವರಿಗೆ ಅದು ಇರೂದ ಅಂದ್ರು. ಖರೆನೂ ಐತಿ. ಅದಕ್ಕ ಯಾರರ ಎಣ್ಣಿ ತರತಾರೇನ್ರಿ?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಅಮೀನಪ್ಪ ಏನಾದರೂ ಉತ್ತರ ಕೊಡುತ್ತಿದ್ದ.

 ಲಕ್ಕವ್ವ ಜಮಖಾನೆಯ ಮೇಲೆ ಕೂತು, ಸೀರೆಯನ್ನು ಒಂದಿಷ್ಟು ಮೇಲೆ ಸರಿಸಿ ತನ್ನ ಮೊಣಕಾಲು ತೋರಿಸಿದಳು. ಬಾತು, ಗಂಟಾಗಿ, ಒಂದು ಕಡೆ ಸರಿದಿತ್ತು. "ನೋಡವಾ. ಇದು ರೋಗ ಅಲ್ಲ. ರೋಗ ಆಗಿದ್ರ ಒಬ್ರಿಗೆ ಬಂದು ಒಬ್ರಿಗೆ ಬಿಡ್ತಿತ್ತು. ಇದು ದುಡಿಮಿ. ನಮ್ಮ ಮನ್ಯಾಗೂ ಯಾರೂ ಎಣ್ಣಿ ತರಲಿಲ್ಲ. ಅಣ್ಣಾ ಅಮೀನಪ್ಪಾ, ಆ ಬೆಕ್ಕಿನ ಕಾಲು ಬಿಡು."

ಅಮೀನಪ್ಪ ಬಿಟ್ಟ. ಬಾಟಲಿ ತೆಗೆದುಕೊಂಡು ದುರ್ಗವ್ವನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. ಏನು ಹೇಳಬೇಕೆಂದು ತಿಳಿಯದೆ, ತಿಂಗಳುಗಟ್ಟಲೆ ಬಾಯಿಗೆ ರೂಢಿಯಾಗಿದ್ದ ಮಾತನ್ನೇ ಹೇಳಿದ: "ನೋವು ಐತೇನ್ರಿ? ಈ ಕಾಲು ಚಾಚ್ರಿ."

ಮದುವೆಯಾದಾಗಿನಿಂದ ದುರ್ಗವ್ವನಿಗೆ ಗಂಡನ ಬಾಯಲ್ಲಿ ಬಹುವಚನ ಬಂದದ್ದು ಅದೇ ಮೊದಲು. ಈ ಸಲ ಯಾರೂ ನಗಲಿಲ್ಲ.

ಲಕ್ಕವ್ವ ತಮ್ಮನ ಕಡೆ ತಿರುಗಿ, "ಶಿವಸಂಗಪ್ಪಾ, ಸಕ್ಕರಿ ಇವತ್ತ ಹಂಚೂನು, ದೀಪಾವಳಿ ಯಾಕ?" ಎಂದಳು. ಆಮೇಲೆ ದುರ್ಗವ್ವನಿಗೆ ಹೇಳಿದಳು: "ಸೊಸಿನ್ನ ಮಗಳಂಗ ನೋಡ್ಕೊತೀವಿ ಅಂತ ಎಲ್ಲಾರೂ ಹೇಳ್ತಾರವಾ. ನನಗೂ ಹಂಗ ಹೇಳಿ ಕರಕೊಂಡು ಹೋಗಿದ್ರು. ಮಗಳು ಅಂದ್ರೂ ದುಡಿಯಾಕೀನ. ನಾ ಆ ಮಾತು ಹೇಳಂಗಿಲ್ಲ. ನಿನ್ನ ಮಗಳನ್ನ ನಾ ನಿಮ್ಮ ಬೆಕ್ಕಿನಂಗ ನೋಡ್ಕೊತೇನಿ. ಆತಿಲ್ಲೋ?"

 ದುರ್ಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಅಮೀನಪ್ಪ ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಅವಳ ಮೊಣಕಾಲಿಗೆ ಹಚ್ಚತೊಡಗಿದ. "ಮಂದಿ ನೋಡಾಕತ್ತಾರ, ಬಿಡ್ರಿ" ಎಂದು ಅವಳು ಸೆರಗಿನೊಳಗಿನಿಂದಲೇ ಗದರಿದಳು. ಕಾಲನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.